ಹೂಂ ಮೇಸ್ತ್ರಿಯ ಹತ್ತು ವಾಕ್ಯ

ಹೂಂ ಮೇಸ್ತ್ರಿಗೆ ಆ ಹೆಸರು ಇಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಆದರೆ ಇಟ್ಟವರು ತಪ್ಪು ಮಾಡಿದರೆಂದು ಯಾರೂ ಹೇಳಲಿಲ್ಲ. ಏನು ಕೇಳಿದರೂ ಅವನ ಉತ್ತರ ಒಂದೇ. ಊಟ ಆಯಿತೇ ಎಂದರೆ ಹೂಂ, ಇನ್ನೂ ಆಗಿಲ್ಲವೇ ಎಂದರೂ ಹೂಂ. ಹಾಗೆಂದು ಎಲ್ಲ ಹೂಂಗಳೂ ಒಂದೇ ಎಂದು ತಿಳಿಯಬಾರದು. ಗಿಡ್ಡ ಹೂಂ ಎಂದರೆ ಆಗಲಿ ಎಂದರ್ಥ. ಉದ್ದದ ಹೂಂ ಎಂದರೆ ಆಗುವುದಿಲ್ಲ. ಮೂಗಿನಿಂದ ಹೊರಟರೆ ಸುಣ್ಣ ಸಾಲದು, ತನ್ನಿ ಎಂದು. ಎರಡು ಹೂಂ ಬೆನ್ನುಬೆನ್ನಿಗೆ ಬಂದರೆ ನೀವು ಹೇಳಿದ್ದು ಕೇಳಿಸಿತು, ಆದರೆ ನಂಬಿಕೆ ಬರಲಿಲ್ಲ ಎಂದು. ಈ ನಿಘಂಟು ಪೂರ್ತಿಯಾಗಿ ಗೊತ್ತಿದ್ದದ್ದು ಅವನ ಹೆಂಡತಿಗೆ ಒಬ್ಬಳಿಗೆ. ಮಗಳಿಗೆ ಮುಕ್ಕಾಲು ಪಾಲು ಗೊತ್ತಿತ್ತು. ಉಳಿದವರು ಅಂದಾಜಿನ ಮೇಲೆ ಬದುಕುತ್ತಿದ್ದರು.

ಅವನ ಕಸುಬು ನೆಲತೊಟ್ಟಿಯದು. ಆ ಊರಿಗೆ ವರ್ಷದಲ್ಲಿ ಮಳೆ ಬರುವುದು ಎಂಟೋ ಹತ್ತೋ ದಿನ. ಬಾವಿ ತೋಡಿದರೆ ಸಿಗುವುದು ಉಪ್ಪುನೀರು. ಅದರಲ್ಲಿ ನೆಲ ಒರೆಸಬಹುದೇ ಹೊರತು ಒಂದು ಗುಟುಕು ಗಂಟಲಿಗೆ ಇಳಿಸಲಾಗದು. ಆದಕಾರಣ ಪ್ರತಿ ಮನೆಯ ಹಿತ್ತಲಿನಲ್ಲೂ ನೆಲದೊಳಗೆ ಒಂದು ತೊಟ್ಟಿ. ಎರಡಾಳು ಆಳ, ಹೊಟ್ಟೆ ದೊಡ್ಡದು, ಕುತ್ತಿಗೆ ಕಿರಿದು, ಥೇಟು ಹೂಜಿಯ ಹಾಗೆ. ತಾರಸಿಯ ಮೇಲೆ ಬಿದ್ದ ಮಳೆಯೆಲ್ಲ ಮೂಲೆಯ ಕೊಳವೆಯಲ್ಲಿ ಇಳಿದು ಅದರೊಳಗೆ ಸೇರುತ್ತದೆ. ಬೆಳಕು ತಾಕದಂತೆ ಮೇಲೊಂದು ಕಬ್ಬಿಣದ ಮುಚ್ಚಳ. ಆ ಎಂಟು ಹತ್ತು ದಿನದ ಮಳೆಯನ್ನು ಉಳಿದ ಅಷ್ಟೂ ದಿನ ಲೋಟ ಲೋಟವಾಗಿ ಕುಡಿಯಬೇಕು. ಮಳೆಗಾಲಕ್ಕೆ ಮುಂಚೆ, ತೊಟ್ಟಿ ಹೆಚ್ಚುಕಡಿಮೆ ಬರಿದಾದ ಹೊತ್ತಿನಲ್ಲಿ, ಯಾರಾದರೂ ಒಳಗಿಳಿದು ಹೂಳು ತೆಗೆದು, ಗೋಡೆ ತಿಕ್ಕಿ, ಬಿರುಕಿಗೆ ಗಾರೆ ಮೆತ್ತಿ, ಸುಣ್ಣ ಬಳಿದು ಬರಬೇಕು. ಮೂವತ್ತು ವರ್ಷಗಳಿಂದ ಆ ಯಾರಾದರೂ ಎಂಬವನು ಹೂಂ ಮೇಸ್ತ್ರಿ.

ತೊಟ್ಟಿಯ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಒಳಗೆ, ಒಬ್ಬರು ಬಾಯಿಯ ಬಳಿ. ಒಳಗೆ ಮನುಷ್ಯನಿರುವಷ್ಟು ಹೊತ್ತು ಬಾಯಿಯ ಬಳಿಯಿರುವವರು, ಮನೆಗೇ ಬೆಂಕಿ ಬಿದ್ದರೂ, ಅಲ್ಲಿಂದ ಏಳಕೂಡದು. ಒಳಗಿನ ಗಾಳಿ ಕೆಟ್ಟರೆ ಕೂಗುವಷ್ಟು ಸಮಯವೂ ಸಿಗುವುದಿಲ್ಲ. ಇದು ಮೇಸ್ತ್ರಿಯ ಅಪ್ಪನ ಕಾಲದ ಕಟ್ಟಳೆ. ಬಾಯಿಯ ಬಳಿ ಕೂರುತ್ತಿದ್ದವಳು ಅವನ ಹೆಂಡತಿ. ಎಡಗೈಯಲ್ಲಿ ಒಂದು ಕನ್ನಡಿ. ಬಿಸಿಲನ್ನು ಅದರಲ್ಲಿ ಹಿಡಿದು ತೊಟ್ಟಿಯೊಳಗೆ ಬಿಡುತ್ತಿದ್ದಳು. ಅದೇ ಅವನಿಗೆ ದೀಪ. ಬಲಗೈಯಲ್ಲಿ ಬಕೆಟ್ಟಿನ ಹಗ್ಗ. ಒಂದು ಸಲ ಎಳೆದರೆ ನಿಲ್ಲು, ಎರಡು ಸಲ ಎಳೆದರೆ ಬಕೆಟ್ಟು ಕಳಿಸು. ಕೈಗಳೆರಡಕ್ಕೂ ಕೆಲಸ ಸಿಕ್ಕಿದ ಮೇಲೆ ಬಿಡುವಾಗಿ ಉಳಿದದ್ದು ಬಾಯಿ. ಅದನ್ನು ಅವಳು ಒಂದು ಗಳಿಗೆಯೂ ಸುಮ್ಮನೆ ಕೂರಲು ಬಿಟ್ಟವಳಲ್ಲ.

ಅರಳು ಹುರಿದ ಹಾಗೆ ಮಾತು. ಮನೆಯವರು ಹಿತ್ತಲಿಗೆ ಬಂದರೆ ಅವರೊಡನೆ, ಬರದಿದ್ದರೆ ಪಕ್ಕದ ಗೋಡೆಯಾಚೆಯವರೊಡನೆ, ಯಾರೂ ಇಲ್ಲದಿದ್ದರೆ ಗೋಡೆಯ ಮೇಲಿನ ಬೆಕ್ಕಿನೊಡನೆ. ತಾರಸಿಯ ಮೇಲೆ ಯಾರಾದರೂ ಕಾಣಿಸಿಕೊಂಡರೆ ಅವರನ್ನೂ ಬಿಡುತ್ತಿರಲಿಲ್ಲ. ಕೂಗಿ ಕರೆದು ಮಾತಿಗೆ ಎಳೆಯುತ್ತಿದ್ದಳು. "ಗಂಡನ ಪಾಲಿನ ಮಾತನ್ನೂ ದೇವರು ಇವಳಿಗೇ ಕೊಟ್ಟುಬಿಟ್ಟ" ಎಂದು ಬೀದಿಯವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ನಗುತ್ತಲೇ ಮಾತು ಮುಂದುವರಿಸುತ್ತಿದ್ದಳು.

ಬೀದಿಯವರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ತೊಟ್ಟಿಗೆ ಇಳಿದೊಡನೆ ಹೂಂ ಮೇಸ್ತ್ರಿ ಮಾತಾಡುತ್ತಿದ್ದ.

ಹೌದು, ಬಾಯಿ ತುಂಬ ಮಾತಾಡುತ್ತಿದ್ದ. ಎದುರಿಗೆ ಒಂದು ಮುಖ ಇದ್ದರೆ ಅವನ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು, ನಿಜ. ಆದರೆ ತೊಟ್ಟಿಗೆ ಮುಖವಿಲ್ಲ. ಹೇಳಿದ್ದನ್ನು ದುಂಡಗೆ ಮಾಡಿ ಹಿಂದಿರುಗಿಸುತ್ತದೆ, ಎದುರಾಡುವುದಿಲ್ಲ. ಗೋಡೆ ತಿಕ್ಕುತ್ತ ತಿಕ್ಕುತ್ತ ಅವನು ವರ್ಷವಿಡೀ ಹೇಳದೆ ಉಳಿಸಿಕೊಂಡದ್ದನ್ನೆಲ್ಲ ಅಲ್ಲಿ ಹೇಳಿ ಮುಗಿಸುತ್ತಿದ್ದ. ಯಾರ ಮನೆ ಹೇಗೆ ಎಂಬುದು ಹೂಳಿನಲ್ಲೇ ಗೊತ್ತಾಗುತ್ತದೆ ಎಂಬುದು ಅವನ ಸಿದ್ಧಾಂತ. ಹೂಳಿನಲ್ಲಿ ಪಾರಿವಾಳದ ಪುಕ್ಕ ಸಿಕ್ಕರೆ ಮನೆಯ ಯಜಮಾನ ಸೋಮಾರಿ, ತಾರಸಿ ಗುಡಿಸಿಲ್ಲ. ಗೋಲಿ ಸಿಕ್ಕರೆ ಮಕ್ಕಳಿಗೆ ಸದರ ಜಾಸ್ತಿ. ಬಟ್ಟೆಯ ಗುಂಡಿ ಸಿಕ್ಕರೆ ತಾರಸಿಯ ಮೇಲೆ ಬಟ್ಟೆ ಕೊಡವುವ ಅಭ್ಯಾಸ, ಜೊತೆಗೆ ಸೂಜಿ ಹಿಡಿಯುವ ಬೇಸರ. ಇವೆಲ್ಲವನ್ನೂ ಗಟ್ಟಿಯಾಗಿ, ಕಾಮೆಂಟರಿ ಹೇಳುವವರ ಹಾಗೆ, ಹೇಳುತ್ತಲೇ ಕರಣೆ ಆಡಿಸುತ್ತಿದ್ದ. ಮೇಲೆ ಹೆಂಡತಿಯ ಮಾತಿನ ಸಂತೆಯಲ್ಲಿ ಕೆಳಗಿನ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಹೀಗಿರುವಾಗ ಮಗಳ ಮದುವೆಯ ಮಾತು ಬಂತು.

ಮಗಳು ಚಿಕ್ಕಮಕ್ಕಳ ಶಾಲೆಯಲ್ಲಿ ಟೀಚರು. ಹುಡುಗ ಬೀದಿಯ ತಿರುವಿನ ಬೇಕರಿಯವನು. ಅವರಿಬ್ಬರೂ ಒಪ್ಪಿ ವರ್ಷವಾಗಿತ್ತು. ಒಪ್ಪಬೇಕಾದವರು ಹುಡುಗನ ತಾಯಿ. ಅವರನ್ನು ಎಲ್ಲರೂ ಬೇಕರಿಯಮ್ಮ ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಎಂಟು ವರ್ಷ ಒಲೆಯನ್ನೂ ಮಗನನ್ನೂ ಒಬ್ಬರೇ ಸಂಭಾಳಿಸಿದ ಗಟ್ಟಿ ಹೆಂಗಸು. ಹಿಟ್ಟು ಕಲಸುವುದೂ ಮಳೆನೀರಿನಲ್ಲೇ ಆಗಬೇಕು. ಉಪ್ಪುನೀರಿಗೆ ಹಿಟ್ಟು ಉಬ್ಬುವುದಿಲ್ಲ. ಹಾಗಾಗಿ ಬೀದಿಯಲ್ಲೇ ದೊಡ್ಡ ತೊಟ್ಟಿ ಅವರದು, ಬೀದಿಯಲ್ಲೇ ದೊಡ್ಡ ಬೀಗವೂ ಆ ತೊಟ್ಟಿಯ ಮುಚ್ಚಳದ್ದು.

ಬೇಕರಿಯಮ್ಮನವರು ಹೂಂ ಮೇಸ್ತ್ರಿಯನ್ನೂ ಹೆಂಡತಿಯನ್ನೂ ಚಹಾಕ್ಕೆ ಕರೆದರು. ಎದುರುಬದುರು ಕುರ್ಚಿ. ನಡುವೆ ಬಿಸ್ಕತ್ತಿನ ತಟ್ಟೆ. ಮಗಳಿಗೆ ಬೆಳಿಗ್ಗೆ ಬೇಗ ಏಳುವ ಅಭ್ಯಾಸ ಇದೆಯೇ ಎಂದು ಕೇಳಿದರು. ಮೇಸ್ತ್ರಿ ಹೂಂ ಎಂದ. ನಮ್ಮ ಮನೆಯ ವಿಷಯದಲ್ಲಿ ನಿಮಗೇನಾದರೂ ಆಕ್ಷೇಪಣೆ ಇದೆಯೇ ಎಂದರು. ಅದಕ್ಕೂ ಹೂಂ. ಅದು ಉದ್ದದ ಹೂಂ, ಇಲ್ಲ ಎಂದರ್ಥ. ಆದರೆ ಬೇಕರಿಯಮ್ಮನವರ ಹತ್ತಿರ ನಿಘಂಟು ಇರಲಿಲ್ಲ. ಅವರ ಮುಖ ಹುಳ್ಳಗಾಯಿತು. ಹೆಂಡತಿ ಗಾಬರಿಯಿಂದ ನಡುವೆ ಬಾಯಿ ಹಾಕಿ ಅರ್ಥ ವಿವರಿಸಲು ಹೊರಟಳು. ಬೇಕರಿಯಮ್ಮ ಕೈಯೆತ್ತಿ ತಡೆದರು. ಕೊನೆಯದಾಗಿ ಮೇಸ್ತ್ರಿಯ ಕಡೆ ತಿರುಗಿ, ಮಗಳನ್ನು ಸಂತೋಷದಿಂದ ಕೊಡುತ್ತೀರಾ ಎಂದು ಕೇಳಿದರು.

ಸಂತೋಷದಿಂದಲೇ ಕೊಡುವವನಿದ್ದ. ಆದರೆ ಆ ಪ್ರಶ್ನೆ ಎದೆಯಲ್ಲಿ ಎಲ್ಲೋ ಹೋಗಿ ತಗುಲಿ, ಹೂಂ ಎಂಬುದು ನಿಟ್ಟುಸಿರಿನ ಜೊತೆ ಬೆರೆತು, ತೂತಾದ ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗೆ ಹೊರಗೆ ಬಂತು.

ಬೇಕರಿಯಮ್ಮ ಲೋಟ ಕೆಳಗಿಟ್ಟರು.

"ನೋಡಿ ಮೇಸ್ತ್ರಿ, ನಮ್ಮ ಯಜಮಾನರೂ ಹೀಗೇ ಇದ್ದರು. ಇಪ್ಪತ್ತಾರು ವರ್ಷ ನಾನು ಮಾಡಿದ ಬ್ರೆಡ್ಡು ತಿಂದರು. ಚೆನ್ನಾಗಿದೆ ಅಂತ ಒಂದು ದಿನ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ. ಹಾಗೇ ಎದ್ದು ಹೋಗಿಬಿಟ್ಟರು. ಒಂದು ಗೋಡೆ ಜೊತೆ ಸಂಸಾರ ಮಾಡಿದ್ದಾಯ್ತು. ಇನ್ನೊಂದು ಗೋಡೆ ಜೊತೆ ಬೀಗತನ ನನ್ನ ಕೈಲಾಗಲ್ಲ."

ಆಮೇಲೆ ತಮ್ಮ ಷರತ್ತು ಹೇಳಿದರು. ಮಳೆ ಬರುವುದರೊಳಗೆ ಮೇಸ್ತ್ರಿ ಈ ಮನೆಗೆ ಬಂದು ಹತ್ತು ವಾಕ್ಯ ಮಾತಾಡಬೇಕು. ಯಾವ ವಿಷಯವಾದರೂ ಸರಿ. ಹೆಂಡತಿ ಹೇಳಿಕೊಡಬಾರದು. ಹೂಂ ಎಂಬುದು ವಾಕ್ಯವಲ್ಲ, ಕ್ರಿಯಾಪದ ಇರಬೇಕು. ಹತ್ತಾದರೆ ಮದುವೆ, ಒಂಬತ್ತಾದರೆ ಇಲ್ಲ.

ದಾರಿಯುದ್ದಕ್ಕೂ ಹೆಂಡತಿ ಬೈದಳು. ಮೇಸ್ತ್ರಿ ಎರಡೆರಡು ಹೂಂ ಹಾಕುತ್ತ ಬಂದ. ಮಗಳು ಮಾತ್ರ ಬೈಯಲಿಲ್ಲ. ಶಾಲೆಯ ಕಾಪಿ ಪುಸ್ತಕದಿಂದ ಒಂದು ಹಾಳೆ ಹರಿದು, ದುಂಡಗಿನ ಅಕ್ಷರದಲ್ಲಿ ಹತ್ತು ವಾಕ್ಯ ಬರೆದು ಅಪ್ಪನ ಮುಂದಿಟ್ಟಳು. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೈಕಟ್ಟಿ ಕುಳಿತಿದ್ದವು. ದಿನಾ ಸಂಜೆ ಪಾಠ ಶುರುವಾಯಿತು. ಒಂದನೆಯ ವಾಕ್ಯ: "ನಮ್ಮ ಮಗಳು ಸುಶೀಲೆಯಾಗಿದ್ದಾಳೆ." ಮೇಸ್ತ್ರಿ ಹಾಳೆ ನೋಡುವನು, ಮಗಳ ಮುಖ ನೋಡುವನು, "ನಮ್ಮ" ಎನ್ನುವನು, ಬೆವರುವನು. ಎಂಟು ದಿನದ ಪಾಠದಲ್ಲಿ "ನಮ್ಮ ಮಗಳು" ಎಂಬಲ್ಲಿಯವರೆಗೆ ತಲುಪಿದರು. ಶಾಲೆಯ ಅತ್ಯಂತ ದಡ್ಡ ಮಗು ಕೂಡ ಇಷ್ಟು ಹೊತ್ತು ತೆಗೆದುಕೊಂಡಿರಲಿಲ್ಲ ಎಂದು ಮಗಳು ಅಡುಗೆಮನೆಗೆ ಹೋಗಿ ಅತ್ತಳು. ಅದು ಮೇಸ್ತ್ರಿಗೆ ಕೇಳಿಸಿತು. ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ.

ಇಷ್ಟು ಸಾಲದೆಂಬಂತೆ ಹೆಂಡತಿಯ ಗಂಟಲು ಕಟ್ಟಿತು. ಮೊದಲು ಕರಕರ, ಆಮೇಲೆ ಪಿಸಪಿಸ, ಕೊನೆಗೆ ಏನೂ ಇಲ್ಲ. ಡಾಕ್ಟರು ಟಾರ್ಚು ಹಾಕಿ ನೋಡಿ, ಈ ಗಂಟಲು ದುಡಿದಷ್ಟು ತಾವು ಯಾವ ಗಂಟಲು ದುಡಿದದ್ದನ್ನೂ ನೋಡಿಲ್ಲವೆಂದು ಹೇಳಿ, ಹದಿನೈದು ದಿನ ಒಂದಕ್ಷರ ಆಡಬಾರದೆಂದು ಕಟ್ಟಪ್ಪಣೆ ಮಾಡಿದರು. ಬೀದಿಯವರು ಕಿತ್ತಳೆ ಹಣ್ಣು ಹಿಡಿದು ನೋಡಲು ಬಂದರು. ಅಯ್ಯೋ ಪಾಪ ಎಂದವರಿಗಿಂತ ಸುಮ್ಮನೆ ಎದುರು ಕುಳಿತು ಆ ಮೌನವನ್ನು ಕಣ್ತುಂಬ ನೋಡಿ ಹೋದವರೇ ಹೆಚ್ಚು. ಮನೆಯಲ್ಲಿ ಎಂಥ ನಿಶ್ಶಬ್ದವೆಂದರೆ, ತಮ್ಮ ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತದೆಂಬುದು ಮೇಸ್ತ್ರಿಗೆ ಮೊದಲ ಬಾರಿ ಗೊತ್ತಾಯಿತು.

ಆದರೆ ಮೋಡಕ್ಕೆ ಯಾರ ಗಂಟಲಿನ ಹಂಗೂ ಇಲ್ಲ. ಪಡುವಣದಲ್ಲಿ ಬಿಳಿ ಮೋಡ ಕಾಣಿಸತೊಡಗಿತು, ಬೇಕರಿಯ ತೊಟ್ಟಿ ಇನ್ನೂ ಬಾಕಿ ಇತ್ತು. ಒಂದು ಬೆಳಿಗ್ಗೆ ಗಂಡಹೆಂಡತಿ ಏಣಿ, ಬಕೆಟ್ಟು, ಕನ್ನಡಿ ಹೊತ್ತುಕೊಂಡು ಹೋದರು. ಬೇಕರಿಯಮ್ಮ ಸೊಂಟದ ಗೊಂಚಲಿನಿಂದ ಕೀಲಿ ತೆಗೆದು ಬೀಗ ಬಿಚ್ಚಿ, ಮೇಸ್ತ್ರಿಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಹತ್ತರಲ್ಲಿ ಒಂದಾದರೂ ಈಗ ಬಂದೀತೇ ಎಂಬ ಆಸೆ ಅವರಿಗೂ ಇದ್ದಂತಿತ್ತು. ಮೇಸ್ತ್ರಿ ಹೂಂ ಎಂದು ಏಣಿ ಇಳಿಸಿದ. ಅವರು ಪೊರಕೆ ತೆಗೆದುಕೊಂಡು ತಾರಸಿಗೆ ಹತ್ತಿದರು. ಮಳೆಗೆ ಮುಂಚೆ ತಾರಸಿ ಗುಡಿಸುವ ಕೆಲಸವನ್ನು ಅವರು ಯಾರಿಗೂ ಬಿಟ್ಟವರಲ್ಲ, ಹೆತ್ತ ಮಗನಿಗೂ.

ಮೇಸ್ತ್ರಿ ಮೊದಲು ಉರಿಯುವ ಮೇಣದಬತ್ತಿಯನ್ನು ಹಗ್ಗದಲ್ಲಿ ಕೆಳಗಿಳಿಸಿದ. ಅದು ಆರಲಿಲ್ಲ, ಗಾಳಿ ಚೆನ್ನಾಗಿದೆ. ಆಮೇಲೆ ತಾನು ಇಳಿದ. ಹೆಂಡತಿ ಕನ್ನಡಿ ಹಿಡಿದಳು. ಬಿಸಿಲಿನ ಒಂದು ತಟ್ಟೆ ತೊಟ್ಟಿಯ ಗೋಡೆಯ ಮೇಲೆ ಬಂದು ಕುಳಿತಿತು. ತಂಪು, ಸುಣ್ಣದ ವಾಸನೆ, ಪಾದ ಮುಳುಗುವಷ್ಟು ನೀರು. ಮೇಸ್ತ್ರಿಯ ನಾಲಿಗೆ ತಾನಾಗಿಯೇ ಸಡಿಲವಾಯಿತು.

ತೊಟ್ಟಿಗೆ ಎರಡು ಬಾಯಿ. ಒಂದು ಮನುಷ್ಯ ಇಳಿಯುವುದು, ಇನ್ನೊಂದು ಮಳೆ ಇಳಿಯುವುದು. ಮೂವತ್ತು ವರ್ಷ ತೊಟ್ಟಿ ತೊಳೆದವನಿಗೆ ಇದು ಗೊತ್ತಿಲ್ಲದ ಮಾತಲ್ಲ. ಆದರೆ ನೀರು ಇಳಿಯುವ ದಾರಿಯಲ್ಲಿ ಮಾತು ಹತ್ತುತ್ತದೆ ಎಂಬುದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ತಾರಸಿಯ ಮೂಲೆಯಲ್ಲಿ, ಜಾಲರಿ ತೆಗೆದ ಕೊಳವೆಯ ಬಾಯಿ ತೆರೆದುಕೊಂಡಿತ್ತು. ಅದರಿಂದ ಎರಡು ಮಾರು ದೂರದಲ್ಲಿ ಬೇಕರಿಯಮ್ಮ ಬಗ್ಗಿ ಗುಡಿಸುತ್ತಿದ್ದರು.

ಮೇಸ್ತ್ರಿ ಜೇಬಿನಿಂದ ಹಾಳೆ ತೆಗೆದು ಬಿಸಿಲಿನ ತಟ್ಟೆಯಲ್ಲಿ ಹಿಡಿದು ಗಟ್ಟಿಯಾಗಿ ಓದಿದ.

"ನಮ್ಮ ಮಗಳು ಸುಶೀಲೆಯಾಗಿದ್ದಾಳೆ." ತೊಟ್ಟಿ ಅದನ್ನು ಮೂರು ಸಲ ಹೇಳಿ ತಲೆದೂಗಿತು. "ಸುಶೀಲೆಯಂತೆ. ಸುಶೀಲೆ ಆಗಿದ್ರೆ ಹೆತ್ತಪ್ಪನಿಗೆ ಕಾಪಿ ಬರೆಸ್ತಿದ್ಲಾ? ಅವಳ ಹಟ ನಂಗೆ ಗೊತ್ತಿಲ್ವಾ? ಐದು ವರ್ಷದವಳಿದ್ದಾಗ ನನ್ನ ಕರಣೆ ತಗೊಂಡು ಹೋಗಿ ಮಣ್ಣಲ್ಲಿ ತೊಟ್ಟಿ ಕಟ್ಟಿದ್ಲು. ಸೋರ್ತು. ಒಡೆದು ಮತ್ತೆ ಕಟ್ಟಿದ್ಲು. ನಿಲ್ಲೋವರೆಗೂ ಊಟ ಮಾಡಲಿಲ್ಲ. ಸುಶೀಲೆ ಅಲ್ಲ ಕಣಪ್ಪ ಅವಳು, ಗಾರೆ. ಹಿಡಿದ್ರೆ ಬಿಡಲ್ಲ. ಹಾಗಂತ ಬರೀಬೇಕಿತ್ತು, ಬರೀಲಿಲ್ಲ."

ತಾರಸಿಯ ಮೇಲೆ ಪೊರಕೆಯ ಸದ್ದು ನಿಂತಿತು.

ತೊಟ್ಟಿಯ ಬಾಯಲ್ಲಿ ಕುಳಿತಿದ್ದ ಹೆಂಡತಿ ತಲೆಯೆತ್ತಿ ನೋಡಿದಳು. ಬೇಕರಿಯಮ್ಮ ಕೊಳವೆಯ ಬಳಿ ನಿಂತು ಕಿವಿ ನಿಮಿರಿಸಿದ್ದು ಕಾಣಿಸಿತು. ಕೂಗಲು ಗಂಟಲಿಲ್ಲ, ಎದ್ದು ಹೋಗಲು ಕಟ್ಟಳೆ ಬಿಡದು. ಕೈಯಲ್ಲಿದ್ದ ಹಗ್ಗವನ್ನು ಮೂರು ಸಲ ಜೋರಾಗಿ ಎಳೆದಳು.

ಕೆಳಗೆ ಮೇಸ್ತ್ರಿ ಬಕೆಟ್ಟು ನೋಡಿದ. ಒಂದು ಎಂದರೆ ನಿಲ್ಲು, ಎರಡು ಎಂದರೆ ಕಳಿಸು. ಮೂರು ಎಂಬುದು ಅವರ ಲೆಕ್ಕದಲ್ಲೇ ಇಲ್ಲ. ಎರಡಕ್ಕೆ ಒಂದು ಜಾಸ್ತಿಯಾಗಿರಬೇಕೆಂದುಕೊಂಡು, ತಳದಲ್ಲಿ ಒಂದು ಬೊಗಸೆಯಷ್ಟಿದ್ದ ಹೂಳನ್ನು ಹಾಕಿ ಕಳಿಸಿದ.

"ಅವಸರ ನೋಡು ಇವಳದ್ದು. ಇದರಲ್ಲಿ ಹೂಳೆಲ್ಲಿದೆ? ಬೇರೆಯವರ ಮನೆಯಲ್ಲಿ ಹನ್ನೆರಡು ಬಕೆಟ್ಟು. ಇಲ್ಲಿ ವರ್ಷಕ್ಕೆ ಒಂದು ಬೊಗಸೆ. ಈಯಮ್ಮ ತಾರಸಿ ಗುಡಿಸೋದಲ್ಲ, ನೆಕ್ತಾರೆ. ಇಂಥ ಚೊಕ್ಕಟದವರ ಮನೆಯಲ್ಲಿ ನಮ್ಮ ಹುಡುಗಿ ಚಪ್ಪಲಿ ಎಲ್ಲಿ ಬಿಡಬೇಕೋ. ಕುಡಿಯೋ ನೀರಿಗೂ ಬೀಗ. ಬೀಗ ಹಾಕೋ ಬೀಗಿತ್ತಿ." ಈ ಮಾತು ಅವನಿಗೇ ಹಿಡಿಸಿತು. ಇನ್ನೊಂದು ಸಲ ಹೇಳಿದ. ತೊಟ್ಟಿಯೂ ಹೇಳಿತು.

ಹಗ್ಗ ಮತ್ತೆ ಮೂರು ಸಲ ಕುಣಿಯಿತು. ಮೇಸ್ತ್ರಿ ಅರ್ಧ ಬಕೆಟ್ಟು ಬರೀ ನೀರು ತುಂಬಿ ಕಳಿಸಿದ.

"ಸೋಮವಾರದ ಬನ್ನು ಅಂತೂ ಕೇಳಲೇಬೇಡಿ. ಭಾನುವಾರ ಒಲೆ ಹಚ್ಚಲ್ಲ, ಶನಿವಾರದ್ದನ್ನೇ ಇಡ್ತಾರೆ. ಅದರಲ್ಲಿ ಒಂದು ಗೋಡೆ ಕಟ್ಟಬಹುದು, ನಾನೇ ಕಟ್ಟಿಕೊಡ್ತೀನಿ." ಗೋಡೆ ಎಂದದ್ದಕ್ಕೆ ಏನೋ ನೆನಪಾಗಿ ಅವನ ಕೈ ನಿಧಾನವಾಯಿತು. "ನನ್ನನ್ನ ಗೋಡೆ ಅಂದ್ರು. ಗೋಡೆ ಅಂದ್ರೆ ಬೈಗುಳವಾ? ಈ ಗೋಡೆ ಇಲ್ದಿದ್ರೆ ನೀರು ಎಲ್ಲಿ ನಿಲ್ತಿತ್ತು? ಕೊಡೋಕೆ ಮನಸ್ಸಿಲ್ಲ ಅಂತ ನಾನೆಲ್ಲಿ ಅಂದೆ? ಅವಳು ಹೋದ್ರೆ ನನ್ನ ಹೂಂಗೆ ಅರ್ಥ ಹೇಳೋರು ಮನೆಯಲ್ಲಿ ಒಬ್ಬರು ಕಡಿಮೆ ಆಗ್ತಾರೆ. ಅದಕ್ಕೆ ಸ್ವಲ್ಪ ಗಾಳಿ ಹೋಯ್ತು. ಅಷ್ಟೇ."

ಬ್ರಷ್ಷು ಹಿಡಿದು ಮತ್ತೆ ಗೋಡೆ ತಿಕ್ಕತೊಡಗಿದ. ಮುಂಭಾಗದಲ್ಲಿ ಮಗ ಒಲೆಯಿಂದ ಬ್ರೆಡ್ಡು ತೆಗೆದಿರಬೇಕು. ಬಿಸಿ ಬ್ರೆಡ್ಡಿನ ವಾಸನೆ ತಾರಸಿಗೆ ಹತ್ತಿ, ಕೊಳವೆಯಲ್ಲಿ ಇಳಿದು, ತೊಟ್ಟಿಯೊಳಗೆ ಬಂತು. ವಾಸನೆ ಇಳಿಯುವ ದಾರಿಯ ಬಗ್ಗೆ ಆಗಲಾದರೂ ಅವನು ಯೋಚಿಸಬಹುದಿತ್ತು. ಯೋಚಿಸಲಿಲ್ಲ. ಕಣ್ಣು ಮುಚ್ಚಿ ಮೂಗು ಅರಳಿಸಿದ.

"ಏನೇ ಅನ್ನು, ಬ್ರೆಡ್ಡು ಮಾತ್ರ ಬ್ರೆಡ್ಡು. ಪಾಪ, ಆ ಯಜಮಾನರು. ಇದೇ ತೊಟ್ಟಿಯ ಕಟ್ಟೆ ಮೇಲೆ ಕೂತಿದ್ವಿ ನಾವಿಬ್ಬರು, ಅವರು ಹೋಗೋಕೆ ಮುಂಚಿನ ವರ್ಷ. ಒಂದು ಗಂಟೆ ಅವರೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಬಹಳ ಚೆನ್ನಾಗಿತ್ತು. ಆಮೇಲೆ ಅವರೇ ಒಂದು ತುಂಡು ಮುರಿದು ನನ್ನ ಕೈಗಿಟ್ಟು ಅಂದ್ರು, 'ಮೇಸ್ತ್ರಿ, ಇವಳ ಬ್ರೆಡ್ಡು ತಿಂದ ಮೇಲೆ ಬೇರೆಯವರದ್ದು ಬಾಯಿಗೆ ಹತ್ತಲ್ಲ. ಹೇಳಬೇಕು ಅಂತ ದಿನಾ ಅಂದ್ಕೋತೀನಿ. ಎದುರಿಗೆ ಬಂದ್ರೆ ಬಾಯಿ ಬರಲ್ಲ.' ನಾನು ಹೂಂ ಅಂದೆ. ಇನ್ನೇನನ್ನಲಿ? ನನ್ನ ಕಷ್ಟವೂ ಅದೇ."

ಬ್ರಷ್ಷು ಎರಡು ಸಲ ಗೋಡೆಯ ಮೇಲೆ ಆಡಿತು. ಮೂರನೆಯ ಸಲಕ್ಕೆ ತೊಟ್ಟಿ ಮಾತಾಡಿತು.

"ಮೇಸ್ತ್ರಿ."

ಅವನ ಕೈಯಿಂದ ಬ್ರಷ್ಷು ಬಿತ್ತು. ಮೂವತ್ತು ವರ್ಷದಲ್ಲಿ ಯಾವ ತೊಟ್ಟಿಯೂ ತಾನು ಹೇಳದ್ದನ್ನು ಹೇಳಿರಲಿಲ್ಲ.

"ಮೇಸ್ತ್ರಿ, ನಾನು. ಮೇಲಿಂದ. ಕೊಳವೆಯಲ್ಲಿ." ದನಿ ಬೇಕರಿಯಮ್ಮನವರದೇ, ಆದರೆ ಅದರ ಗಡಸು ಎಲ್ಲೋ ಬಿದ್ದುಹೋಗಿತ್ತು. "ಯಜಮಾನರು ಹೇಳಿದ್ದು... ಅದನ್ನ ಇನ್ನೊಂದು ಸಲ ಹೇಳಿ."

ಮೇಸ್ತ್ರಿ ಕೊಳವೆಯ ಬಾಯಿಯನ್ನು ನೋಡಿದ. ನೆಕ್ತಾರೆ ಎಂದದ್ದು, ಬೀಗಿತ್ತಿ ಎಂದದ್ದು, ಬನ್ನಿನ ಗೋಡೆ, ಎಲ್ಲ ಒಂದೊಂದಾಗಿ ನೆನಪಾಗಿ ಅವನ ಕಿವಿ ಬಿಸಿಯಾಯಿತು. ಮಗಳ ಮದುವೆಯನ್ನು ತನ್ನ ಕೈಯಾರೆ ಹೂಳಿನ ಬಕೆಟ್ಟಿಗೆ ಹಾಕಿ ಕಳಿಸಿಯಾಯಿತು ಎನ್ನಿಸಿತು. ನಾಲಿಗೆ ಮೊದಲಿನ ಹಾಗೆ ಅಂಗುಳಿಗೆ ಹೋಗಿ ಅಂಟಿತು.

"ಹೂಂ" ಎಂದ.

"ಹೂಂ ಬೇಡ ಮೇಸ್ತ್ರಿ. ಅವರು ಹೇಳಿದ ಹಾಗೇ ಹೇಳಿ."

ಬಾಯಿ ತೆರೆದ. ಬರಲಿಲ್ಲ. ಈಗ ಕೊಳವೆಯ ಆ ತುದಿಯಲ್ಲಿ ಒಂದು ಮುಖವಿತ್ತು. ಕಾಣದಿದ್ದರೂ ಇತ್ತು. ಜೊತೆಗೆ ಬಿಸಿಲಿನ ಆ ತಟ್ಟೆ ನೇರ ಅವನ ಮುಖಕ್ಕೇ ಬಿದ್ದು, ಇಡೀ ಬೀದಿ ಒಳಗೆ ಇಣುಕಿ ನೋಡುತ್ತಿರುವಂತೆ ಆಗುತ್ತಿತ್ತು. ಮೇಲೆ ಹೆಂಡತಿಯ ಕಡೆ ನೋಡಿ ಇನ್ನೊಂದು ಹೂಂ ಎಂದ. ಅದು ಅವಳೂ ಹಿಂದೆಂದೂ ಕೇಳದ ಹೂಂ. ಆದರೂ ಅವಳಿಗೆ ಅರ್ಥವಾಯಿತು.

ಅವಳು ಕನ್ನಡಿ ಮಗುಚಿ ನೆಲದ ಮೇಲಿಟ್ಟಳು. ತನ್ನ ಮೇಲುಹೊದಿಕೆಯನ್ನು ತೊಟ್ಟಿಯ ಬಾಯಿಯ ಮೇಲೆ ಅಡ್ಡ ಹಿಡಿದಳು. ತೊಟ್ಟಿಯೊಳಗೆ ಕತ್ತಲಾಯಿತು.

ಕತ್ತಲಲ್ಲಿ ಮೇಸ್ತ್ರಿ ಗೋಡೆಗೆ ಕೈ ಊರಿ ನಿಂತ. ಗೋಡೆ ತಣ್ಣಗಿತ್ತು, ಅವನೇ ಗಾರೆ ಹಾಕಿದ ಗೋಡೆ. ಅದಕ್ಕೇ ಹೇಳುವಂತೆ, ಒಂದೊಂದೇ ಮಾತು ಇಟ್ಟು, ಯಜಮಾನರು ಹೇಳಿದ್ದನ್ನೆಲ್ಲ ಹೇಳಿದ. ಬ್ರೆಡ್ಡಿನ ತುಂಡು ಎಷ್ಟು ದೊಡ್ಡದಿತ್ತು ಎಂಬುದನ್ನೂ ಹೇಳಿದ. ಕೇಳದಿದ್ದರೂ ಇನ್ನೊಂದು ಹೇಳಿದ: ಈ ಮಾತನ್ನು ಒಂಬತ್ತು ವರ್ಷ ಒಳಗೇ ಇಟ್ಟುಕೊಂಡದ್ದು ತಪ್ಪಾಯಿತು, ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ, ಯಾರೂ ಕೇಳಲಿಲ್ಲ. ಆಮೇಲೆ, ನಿಂತರೆ ಮತ್ತೆ ಬಾಯಿ ಬರುವುದಿಲ್ಲವೆಂಬ ಭಯಕ್ಕೆ, ಅದೇ ಉಸಿರಿನಲ್ಲಿ ಸೇರಿಸಿದ. "ಮಗಳನ್ನ ಸಂತೋಷದಿಂದ ಕೊಡ್ತೀನಿ. ಬೆಳಿಗ್ಗೆ ಬೇಗ ಏಳಲ್ಲ ಅವಳು. ಅವತ್ತು ಅಂದ ಹೂಂ ಸುಳ್ಳು."

ಕೊಳವೆಯಲ್ಲಿ ಮೂಗು ಒರೆಸಿಕೊಂಡ ಸದ್ದು ಬಂತು. ತೊಟ್ಟಿಯ ಬಾಯಿಯ ಬಳಿಯೂ ಯಾರೋ ಮೂಗು ಒರೆಸಿಕೊಂಡರು.

ಮಧ್ಯಾಹ್ನ ಕೆಲಸ ಮುಗಿಸಿ, ಮೈಯೆಲ್ಲ ಸುಣ್ಣವಾಗಿ ಮೇಲೆ ಬಂದವನಿಗೆ ಬೇಕರಿಯಮ್ಮ ತಟ್ಟೆಯಲ್ಲಿ ಬಿಸಿ ಬ್ರೆಡ್ಡು ಇಟ್ಟುಕೊಂಡು ಎದುರಾದರು. ಕಣ್ಣು ಸ್ವಲ್ಪ ಕೆಂಪಗಿತ್ತು, ದನಿ ಮೊದಲಿನ ಗಡಸಿಗೆ ಮರಳಿತ್ತು.

"ಎಣಿಸಿದ್ದೀನಿ ಮೇಸ್ತ್ರಿ. ಒಟ್ಟು ನಲವತ್ತೊಂದು ವಾಕ್ಯ. ನನ್ನನ್ನ ಬೈದದ್ದು ಹನ್ನೊಂದು. ಅದನ್ನ ಕಳೆದರೂ ಮೂವತ್ತು ಉಳಿಯುತ್ತೆ. ಷರತ್ತಿಗಿಂತ ಇಪ್ಪತ್ತು ಜಾಸ್ತಿ. ಸೋಮವಾರದ ಬನ್ನಿನ ವಿಷಯ ಮದುವೆ ಆದ ಮೇಲೆ ಮಾತಾಡೋಣ."

"ಹೂಂ" ಎಂದ ಮೇಸ್ತ್ರಿ. ಗಿಡ್ಡ ಹೂಂ.

"ಇದು ಗೊತ್ತಾಯ್ತು" ಎಂದರು ಬೇಕರಿಯಮ್ಮ.

ಮಳೆ ಬಂತು, ಎಂಟು ದಿನದ ಬದಲು ಹನ್ನೊಂದು ದಿನ. ತೊಟ್ಟಿಗಳೆಲ್ಲ ತುಂಬಿದವು. ಮದುವೆಯೂ ಆಯಿತು. ಮಗಳು ಬೇಕರಿಯ ಮನೆಯಲ್ಲಿ ತಡವಾಗಿಯೇ ಏಳುತ್ತಿದ್ದಳು. ಮೊದಲೇ ತಿಳಿಸಿದ್ದ ವಿಷಯವಾದ್ದರಿಂದ ಅತ್ತೆ ಏನೂ ಅನ್ನುವಂತಿರಲಿಲ್ಲ. ಹೂಂ ಮೇಸ್ತ್ರಿಯ ಹೆಂಡತಿಯ ಗಂಟಲು ಹದಿನಾರನೆಯ ದಿನ ಬೆಳಿಗ್ಗೆ ತೆರೆದುಕೊಂಡು, ಹದಿನೈದು ದಿನದ ಬಾಕಿಯನ್ನು ಆ ವಾರದಲ್ಲೇ ತೀರಿಸಿತು.

ಮುಂದಿನ ವರ್ಷ ಮತ್ತೆ ತೊಟ್ಟಿಯ ಕಾಲ. ಬೇಕರಿಯ ಹಿತ್ತಲಿಗೆ ಏಣಿ ಬಂದಾಗ, ತಾರಸಿಯ ಮೇಲೆ ಕೊಳವೆಯ ಪಕ್ಕದಲ್ಲಿ ಎರಡು ಕುರ್ಚಿ ಹಾಕಿತ್ತು. ಒಂದರಲ್ಲಿ ಬೇಕರಿಯಮ್ಮ, ಇನ್ನೊಂದರಲ್ಲಿ ಸೊಸೆ. ಮೇಸ್ತ್ರಿ ತಲೆಯೆತ್ತಿ ಒಮ್ಮೆ ನೋಡಿ ಏಣಿ ಇಳಿದ. ಹೆಂಡತಿ ಕನ್ನಡಿ ಹಿಡಿದು ಕುಳಿತು, ಗಂಟಲು ಸರಿಮಾಡಿಕೊಂಡು, ಎದುರುಮನೆಯ ಬೆಕ್ಕಿನ ಕಥೆ ತೆಗೆದಳು.

"ಬೀಗಿತ್ತಿಯವರೇ," ಎಂದು ಮೇಲಿನಿಂದ ಬೇಕರಿಯಮ್ಮ ಕರೆದರು, "ಇವತ್ತೊಂದು ದಿನ ಸ್ವಲ್ಪ ಸುಮ್ಮನಿರಿ. ಅವರು ಹೇಳೋದು ನಮಗೂ ಕೇಳಲಿ. ಮೂವತ್ತು ವರ್ಷ ನಿಮ್ಮ ಮಾತಿನ ಗಲಾಟೆಯಲ್ಲಿ ಅವರ ಒಂದು ಮಾತು ಯಾರ ಕಿವಿಗೂ ಬೀಳಲಿಲ್ಲವಲ್ಲ."

ಹೆಂಡತಿ ಕನ್ನಡಿಯನ್ನು ಸ್ವಲ್ಪ ಓರೆ ಮಾಡಿ ಅವರನ್ನು ನೋಡಿದಳು.

"ಮತ್ತೆ ನಾನು ಯಾಕೆ ಮಾತಾಡ್ತಿದ್ದೆ ಅಂದ್ಕೊಂಡ್ರಿ? ಮದುವೆಯಾದ ಮೊದಲನೇ ವರ್ಷ ಒಂದು ಮನೆಯಲ್ಲಿ ಇವರು ಒಳಗಿಂದ ಆ ಯಜಮಾನನ ಸೋಮಾರಿತನ ಹೇಳ್ತಿದ್ರು. ಯಜಮಾನ ತಾರಸಿ ಮೇಲೇ ಇದ್ದ. ಅವತ್ತೇ ಗೊತ್ತಾಯ್ತು ನನಗೆ, ಇವರು ಒಳಗಿದ್ದಷ್ಟು ಹೊತ್ತು ನಾನು ಬಾಯಿ ಮುಚ್ಚಿದ್ರೆ ಮನೆಯಲ್ಲಿ ಒಲೆ ಉರಿಯಲ್ಲ ಅಂತ. ಅಂದಿನಿಂದ ಶುರು. ಊರೆಲ್ಲ ನನ್ನನ್ನ ಬಾಯಿಬಡುಕಿ ಅಂತು. ಅನ್ನಲಿ ಅಂದೆ. ಇವರಿಗೂ ಹೇಳಲಿಲ್ಲ. ಹೇಳಿದ್ರೆ ಅಲ್ಲೂ ಬಾಯಿ ಮುಚ್ಕೋತಿದ್ರು. ಆಮೇಲೆ ಆ ಮಾತೆಲ್ಲ ಎಲ್ಲಿ ಹೋಗಬೇಕು? ನನಗೇನು ಮಾತಾಡೋ ಚಟವಾ? ಬೇಕಾದ್ರೆ ಅವರನ್ನೇ ಕೇಳಿ."

ತಾರಸಿಯ ಮೇಲೆ ಇಬ್ಬರೂ ಕೊಳವೆಯ ಕಡೆ ಬಾಗಿದರು. ತೊಟ್ಟಿಯೊಳಗೆ ಮೇಸ್ತ್ರಿಯ ಬ್ರಷ್ಷು ನಿಂತಿತ್ತು. ಮೂವತ್ತು ವರ್ಷದ ಬೆಕ್ಕಿನ ಕಥೆಗಳನ್ನೆಲ್ಲ ಅವನು ಮನಸ್ಸಿನಲ್ಲೇ ಮತ್ತೊಮ್ಮೆ ಕೇಳುತ್ತಿದ್ದಂತಿತ್ತು.

"ಹೂಂ" ಎಂದ ಕೊನೆಗೆ.

ಅದು ಗಿಡ್ಡದ್ದೂ ಅಲ್ಲ, ಉದ್ದದ್ದೂ ಅಲ್ಲ. ಬೇಕರಿಯಮ್ಮ ಸೊಸೆಯ ಮುಖ ನೋಡಿದರು. ಮುಕ್ಕಾಲು ನಿಘಂಟು ಬಲ್ಲ ಸೊಸೆ ಹುಬ್ಬು ಗಂಟಿಕ್ಕಿ ತಲೆಯಾಡಿಸಿದಳು. ಇದು ಉಳಿದ ಕಾಲು ಭಾಗದ್ದು. ಇಬ್ಬರೂ ಕೆಳಗೆ ಹೆಂಡತಿಯ ಕಡೆ ತಿರುಗಿ ಏನಂದರು ಎಂದು ಕೇಳಿದರು. ಅವಳು ಅರ್ಥ ಹೇಳಲಿಲ್ಲ. ಅವಳ ಕೆನ್ನೆ ಮಾತ್ರ ಒಂದಿಷ್ಟು ಕೆಂಪಗಾಯಿತು.

ಹಗ್ಗವನ್ನು ಮೂರು ಸಲ ಎಳೆದಳು. ಈ ಸಲ ಮೇಸ್ತ್ರಿಗೆ ಅದರ ಅರ್ಥ ಚೆನ್ನಾಗಿ ಗೊತ್ತಿತ್ತು: ಮೇಲೆ ಕೇಳುವವರಿದ್ದಾರೆ, ಸುಮ್ಮನಿರಿ. ಆದರೂ ಖಾಲಿ ಬಕೆಟ್ಟನ್ನು ಮೇಲೆ ಕಳಿಸಿದ.